ಖಾಲಿ ಹೊಟ್ಟೆಯ ಹಗ್ಗ

ಮಾರ್ಚ್ ೪, ಸೋಮವಾರ

ನಾನು ಕುಡಿದು ಬಂದಿದ್ದೇನಂತೆ. ಹಾಗಾದರೆ ಬಾಯಿ ಮೂಸಿ ನೋಡಬೇಕಿತ್ತು. ನಾನೇ ಬಾಯಿ ಅಗಲಿಸಿ ಮೇಸ್ತ್ರಿಯ ಮೂಗಿನ ಹತ್ತಿರ ಹಿಡಿದೆ. ಮೂಸಲಿಲ್ಲ. ಮುಖ ಆಚೆ ತಿರುಗಿಸಿಕೊಂಡ. ಅಷ್ಟು ಜನರ ಮುಂದೆ ಒಂದು ಮಾತು ಆಡಿದ ಮೇಲೆ ಅದು ನಿಜವೋ ಸುಳ್ಳೋ ನೋಡುವ ಧೈರ್ಯವೂ ಇರಬೇಕು. ನಾನು ಇವತ್ತಿನವರೆಗೆ ಆ ಬಾಟಲಿಯ ಮುಚ್ಚಳ ಕೂಡ ತೆಗೆದವನಲ್ಲ. ಅಪ್ಪ ತೆಗೆದದ್ದೇ ನಮ್ಮ ಮನೆಗೆ ಸಾಕು. ಇದು ಮಾವನಿಗೂ ಗೊತ್ತು. ಮಾವ ಅಲ್ಲೇ ಹಗ್ಗ ಸುತ್ತುತ್ತಾ ನಿಂತಿದ್ದ. ತುಟಿ ಬಿಚ್ಚಲಿಲ್ಲ.

ನಡೆದದ್ದನ್ನು ಬರೆದಿಡುತ್ತೇನೆ. ನಾಳೆ ಇವರು ಬೇರೆ ಕಥೆ ಕಟ್ಟಿದರೆ ನನಗಾದರೂ ನೆನಪಿರಲಿ. ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ರಾತ್ರಿ ಪಾಳಿಗೆ ಹೊರಟಳು. ಮಾವ ಗೋಡೆ ಕಡೆ ತಿರುಗಿ ಮಲಗಿದ್ದಾನೆ. ಬೈಯಬೇಕೆಂದರೂ ಮನೆಯಲ್ಲಿ ಒಂದು ಮುಖ ಇಲ್ಲ.

ಎತ್ತರದ ಕಟ್ಟಡದ ಹೊರಗೋಡೆಗೆ ಬಣ್ಣ ಹೊಡೆಯುವುದು ನಮ್ಮ ಕೆಲಸ. ಛಾವಣಿಯಿಂದ ಹಗ್ಗ, ಹಗ್ಗದ ತುದಿಯಲ್ಲಿ ಕೂರಲು ಹಲಗೆ, ಸೊಂಟಕ್ಕೆ ಬೆಲ್ಟು. ನಾನು ಹಲಗೆಯ ಮೇಲೆ, ಮಾವ ಛಾವಣಿಯಲ್ಲಿ ಹಗ್ಗ ಹಿಡಿದು. ನಾನು ಬಿಡು ಅಂದರೆ ಒಂದು ಮೊಳ ಬಿಡುತ್ತಾನೆ, ನಿಲ್ಲು ಅಂದರೆ ನಿಲ್ಲಿಸುತ್ತಾನೆ. ಇವತ್ತು ಅರ್ಧ ಗೋಡೆ ಇಳಿದಿದ್ದೆ. ಗೋಡೆ ಒಮ್ಮೆಲೇ ಬೆಳ್ಳಗಾಯಿತು. ರೋಲರ್ ಯಾವಾಗ ಕೈಜಾರಿತೋ ತಿಳಿಯದು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಸುತ್ತ ಚಪ್ಪಲಿಗಳು, ಮೇಲೆ ಮೇಸ್ತ್ರಿಯ ಮುಖ.

ಇನ್ನು ಮಾವ ಹೇಳುವವರೆಗೆ ನಾನು ಹಗ್ಗಕ್ಕೆ ಹೋಗುವ ಹಾಗಿಲ್ಲವಂತೆ. ನನಗೆ ಗಾಳಿಪಟ ಎಂದು ಹೆಸರಿಟ್ಟವರು ಇವರೇ. ಇಡೀ ಸೈಟಿನಲ್ಲಿ ನನ್ನಷ್ಟು ಹಗುರವಾಗಿ ಗೋಡೆಯ ಮೇಲೆ ಓಡಾಡುವವನು ಇನ್ನೊಬ್ಬನಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇರುವುದು ಇದೊಂದೇ. ಅದನ್ನೂ ಕಿತ್ತುಕೊಂಡರು.

ಬರುವಾಗ ಮೂಲೆಯ ಅಂಗಡಿಯಲ್ಲಿ ನಿಂತು ಕರಿದದ್ದು ತಿಂದೆ. ಒಂದು ಪೊಟ್ಟಣ, ಮತ್ತೊಂದು, ಮತ್ತೊಂದು. ಮೇಲೆ ದೊಡ್ಡ ಬಾಟಲಿ ತಂಪು ಸೋಡಾ, ಸಕ್ಕರೆಯದು. ದಿನಾ ಹೀಗೇ ತಿನ್ನುತ್ತೇನೆ. ದಿನಾ ಹೀಗೇ ಹೊಟ್ಟೆ ಕಲ್ಲಾಗಿ ಮಲಗುತ್ತೇನೆ.

ಮಾರ್ಚ್ ೫, ಮಂಗಳವಾರ

ಬಕೆಟ್ ತೊಳೆದೆ. ಬ್ರಷ್ ತೊಳೆದೆ. ಬಣ್ಣ ಕಲಸಿದೆ. ಮತ್ತೆ ಬಕೆಟ್ ತೊಳೆದೆ.

ಮೇಲೆ ನನ್ನ ಜಾಗದಲ್ಲಿ ಯಾವನೋ ದಡ್ಡ ಹಲಗೆಯ ಮೇಲೆ ಕುಳಿತು ಗೋಡೆಗೆ ಮೀಸೆ ಬರೆದ ಹಾಗೆ ಬಣ್ಣ ಬಳಿಯುತ್ತಿದ್ದ. ಕತ್ತು ನೋಯುವವರೆಗೆ ನೋಡಿದೆ.

ಕೆಳಗೆ ಬಕೆಟ್ ತೊಳೆಯುವ ಹೆಂಗಸಿಗೆ ಎಲ್ಲರೂ ಬಕೆಟ್ ಅಕ್ಕ ಎನ್ನುತ್ತಾರೆ. ನನ್ನನ್ನು ನೋಡಿ, ಆಕಾಶದಿಂದ ನಮ್ಮ ನೀರಿನ ತೊಟ್ಟಿಗೆ ಇಳಿದುಬಂದಿರಾ ಸ್ವಾಮಿ ಎಂದು ಕೇಳಿದಳು. ಇನ್ನೊಂದು ಬಕೆಟ್ ಎಳೆದುಕೊಂಡೆ.

ಮಾರ್ಚ್ ೭, ಗುರುವಾರ

ತಲೆ ಸುತ್ತಿದ್ದು ಯಾಕೆಂದು ನನಗೆ ಗೊತ್ತು, ದಡ್ಡನೇನಲ್ಲ. ಬೆಳಿಗ್ಗೆ ಏನೂ ತಿಂದಿರಲಿಲ್ಲ, ನೀರೂ ಕುಡಿದಿರಲಿಲ್ಲ. ಹಗ್ಗದ ಮೇಲೆ ಹೋಗುವವರು ಯಾರೂ ತಿನ್ನುವುದಿಲ್ಲ. ಕೆಲಸದವರ ಕಕ್ಕಸು ಹಿಂದಿನ ಕಾಂಪೌಂಡಿನ ಆಚೆ ತಗಡಿನ ಗೂಡಿನಲ್ಲಿದೆ. ನಡುಗೋಡೆಯಲ್ಲಿ ಅರ್ಜೆಂಟಾದರೆ ಪೂರ್ತಿ ಕೆಳಗಿಳಿಯಬೇಕು, ಆಮೇಲೆ ಮೆಟ್ಟಿಲು ಹತ್ತಿ ಛಾವಣಿಗೆ ಬರಬೇಕು. ಲಿಫ್ಟ್ ನಮಗಲ್ಲ. ಅಷ್ಟರಲ್ಲಿ ಅರ್ಧ ದಿನದ ಕೆಲಸ ಹೋಯಿತು, ಮೇಸ್ತ್ರಿಯ ಬಾಯಿ ಶುರುವಾಯಿತು. ಅದಕ್ಕೆ ಬಾಯಿಗೆ ಏನೂ ಹಾಕದೆ ಹೋಗುವುದು. ನಾನು ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ ಅಮ್ಮ ತಟ್ಟೆ ಇಟ್ಟಾಗ ಮಾವನೇ ಅದನ್ನು ಎತ್ತಿ ಆಚೆ ಇಟ್ಟ. "ಹೊಟ್ಟೆ ಅಂದ್ರೆ ಭಾರ ಕಣೋ ಅಳಿಯ. ಭಾರ ಮನೇಲಿ ಬಿಟ್ಟು ಬಾ." ಅವತ್ತಿನಿಂದ ಬಿಟ್ಟೇ ಬಂದಿದ್ದೇನೆ.

ಈಗ ಬೇಗ ಗಟ್ಟಿಯಾಗಬೇಕು. ಬಣ್ಣಕ್ಕೆ ಮುಂಚೆ ಗೋಡೆಗೆ ಪುಟ್ಟಿ ಹಚ್ಚುವವನು ಜಿಮ್ಮಿಗೆ ಹೋಗುತ್ತಾನೆ, ತೋಳು ತೋರಿಸಿಕೊಂಡು ತಿರುಗುತ್ತಾನೆ. ಅನ್ನ ಬಿಡು, ಬ್ರೆಡ್ ಬಿಡು, ಬರೀ ಬೇಯಿಸಿದ ಮೊಟ್ಟೆ ತಿನ್ನು, ಒಂದು ವಾರದಲ್ಲಿ ಕಬ್ಬಿಣ ಆಗುತ್ತೀಯ ಎಂದ. ಆಗುತ್ತೇನೆ. ಮಾವನೇ ಬಂದು ಹಗ್ಗಕ್ಕೆ ಬಾ ಎಂದು ಕರೆಯಬೇಕು.

ಮಾರ್ಚ್ ೧೦, ಭಾನುವಾರ

ಕಬ್ಬಿಣವೇ ಆಯಿತು, ಆದರೆ ಆಗಬೇಕಾದ ಜಾಗದಲ್ಲಿ ಅಲ್ಲ. ಗುರುವಾರ ಮಧ್ಯಾಹ್ನದಿಂದ ಕಕ್ಕಸಿಗೆ ಹೋಗಿಲ್ಲ. ಮೊಟ್ಟೆಯ ವಾಸನೆ ಬಂದರೆ ವಾಂತಿ ಬರುತ್ತದೆ. ನಿನ್ನೆ ಬಕೆಟ್ ಅಕ್ಕ ನನ್ನ ನಡಿಗೆ ನೋಡಿ, ಎಲ್ಲಾದರೂ ಬೆಚ್ಚಗಿನ ಮೂಲೆ ನೋಡಿ ಕೂತುಬಿಡು, ಮರಿಯಾದರೂ ಆಗಲಿ ಎಂದಳು. ಸುತ್ತ ಇದ್ದವರೆಲ್ಲ ನಕ್ಕರು. ಪುಟ್ಟಿಯವನೂ ನಕ್ಕ. ಅವನ ತೋಳು ಮುರಿಯಲಿ.

ಅಮ್ಮ ಆಸ್ಪತ್ರೆಯಲ್ಲಿ ನರ್ಸಮ್ಮನನ್ನು ಕೇಳಿಕೊಂಡು ಬಂದಿದ್ದಾಳೆ. ಏನಾದರೂ ಮಾತ್ರೆ ಕೊಡುತ್ತಾರೆ ಅಂದುಕೊಂಡಿದ್ದೆ.

"ಮಾತ್ರೆ ಬೇಡ್ವಂತೆ, ಪಥ್ಯ ಬೇಡ್ವಂತೆ. ಹೊತ್ತಿಗೆ ಸರಿಯಾಗಿ ಎಲ್ಲಾನೂ ಸ್ವಲ್ಪ ಸ್ವಲ್ಪ ತಿನ್ಬೇಕಂತೆ. ನೀರು ಕುಡೀಬೇಕಂತೆ. ಇದನ್ನ ಹೇಳೋಕೆ ಅವಳು ಅಷ್ಟು ವರ್ಷ ಓದಿದ್ದಾಳೆ," ಎಂದಳು.

ಅಮ್ಮ ಇದನ್ನು ಹೇಳುವಾಗ ಮಾವನ ಕಡೆ ನೋಡುತ್ತಿದ್ದಳು. ಮಾವ ಶೇವಿಂಗ್ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದ.

ಮಾರ್ಚ್ ೧೨, ಮಂಗಳವಾರ

ಕೆಳಗೆ ಕೆಲಸ ಮಾಡುವವರದ್ದು ಬೇರೆಯೇ ಲೋಕ. ಮಧ್ಯಾಹ್ನ ಎಲ್ಲರೂ ಕೈ ತೊಳೆದು ಮರಳಿನ ರಾಶಿಯ ನೆರಳಿಗೆ ಬಂದು ಡಬ್ಬಿ ಬಿಚ್ಚುತ್ತಾರೆ. ನಾನು ಮೇಲೆ ಇದ್ದಾಗ ಇದು ಇರುವೆ ಸಾಲಿನ ಹಾಗೆ ಕಾಣುತ್ತಿತ್ತು.

ದೂರ ಕುಳಿತಿದ್ದೆ. ಬಕೆಟ್ ಅಕ್ಕ ಡಬ್ಬಿಯ ಮುಚ್ಚಳದಲ್ಲಿ ಅನ್ನ, ಬೇಳೆ, ಬೇಯಿಸಿದ ಸೊಪ್ಪು ಹಾಕಿ ಮುಂದೆ ಇಟ್ಟಳು. ಬೇಡ ಅಂದೆ. ಅವಳು ಮುಖವನ್ನೂ ನೋಡದೆ, "ಅವತ್ತು ನಿನ್ನ ಹಲಗೆ ಬಂದು ಬಿದ್ದಿದ್ದು ನನ್ನ ಬಕೆಟ್ ಮೇಲೆ. ಇನ್ನೊಂದು ಸಲ ಬಿದ್ರೆ ಬಕೆಟ್ ಒಡೆಯುತ್ತೆ. ತಿನ್ನು," ಎಂದಳು.

ತಿಂದೆ. ಸೊಪ್ಪಿಗೆ ಉಪ್ಪು ಜಾಸ್ತಿಯಾಗಿತ್ತು. ಅದನ್ನು ಹೇಳಿದೆ. ನಾಳೆಯಿಂದ ನೀನೇ ತಂದುಕೋ ಎಂದಳು. ತರುತ್ತೇನೆ, ಯಾರ ಹಂಗೂ ಬೇಡ.

ಮಾರ್ಚ್ ೧೫, ಶುಕ್ರವಾರ

ಬಕೆಟ್. ಬೇರೇನಿಲ್ಲ.

ಮಾರ್ಚ್ ೧೯, ಮಂಗಳವಾರ

ಮಾವನ ಜೊತೆ ಇವತ್ತೂ ಮಾತಿಲ್ಲ. ಒಂದೇ ಬಸ್ಸಿನಲ್ಲಿ ಹೋಗುತ್ತೇವೆ, ಅವನು ಮುಂದೆ, ನಾನು ಹಿಂದೆ. ಹಗ್ಗದ ಮಾತು ಎತ್ತುತ್ತಾನೇನೋ ಎಂದು ಕಾಯುತ್ತೇನೆ. ಎತ್ತುವುದಿಲ್ಲ.

ಬೆಳಿಗ್ಗೆ ಅಮ್ಮ ಪಾಳಿ ಮುಗಿಸಿ ಬಂದು ಸುಸ್ತಾಗಿ ಬಿದ್ದಿರುತ್ತಾಳೆ. ಡಬ್ಬಿ ಕಟ್ಟಿಕೊಡು ಅನ್ನಲು ಬಾಯಿ ಬರಲಿಲ್ಲ. ಹಿಂದಿನ ಸಂಜೆಯೇ ಕಾಳು ನೆನೆಹಾಕಿ ಬೆಳಿಗ್ಗೆ ನಾನೇ ಬೇಯಿಸುತ್ತೇನೆ. ಮೊದಲ ದಿನ ತಳ ಹಿಡಿಯಿತು. ನಿನ್ನೆ ಪರವಾಗಿರಲಿಲ್ಲ. ಇವತ್ತು ಕ್ಯಾರೆಟ್ಟು ಹೆಚ್ಚಿ ಹಾಕಿದೆ. ಡಬ್ಬಿಗೆ ಹಾಕುವ ಮೊದಲು ರುಚಿ ನೋಡುತ್ತಾ ನೋಡುತ್ತಾ ಒಂದು ಬಟ್ಟಲು ಅಲ್ಲೇ ನಿಂತು ತಿಂದುಬಿಡುತ್ತೇನೆ. ಮಾವ ಬಂದು ಟೀ ಮಾತ್ರ ಸುರಿದುಕೊಂಡು, ಒಲೆಯ ಮೇಲಿನ ಪಾತ್ರೆಯನ್ನು ಪಕ್ಕದ ಮನೆಯವರ ಪಾತ್ರೆಯೋ ಎಂಬಂತೆ ನೋಡಿ ಹೋಗುತ್ತಾನೆ.

ಇವತ್ತು ಸಂಜೆ ಮನೆಗೆ ಬಂದು ಶರ್ಟ್ ಬಿಚ್ಚುವಾಗ ಹೊಳೆಯಿತು, ಮೂಲೆಯ ಅಂಗಡಿಯಲ್ಲಿ ನಿಲ್ಲಲೇ ಇಲ್ಲ. ಈ ಮಾವನ ಮೇಲಿನ ಸಿಟ್ಟಿನಲ್ಲಿ ದಾರಿಯೂ ಕಾಣುವುದಿಲ್ಲ ನನಗೆ.

 

ಮಾರ್ಚ್ ೨೨, ಶುಕ್ರವಾರ

ಬುಧವಾರ, ಗುರುವಾರ ನಿದ್ದೆ ಬಂದು ಬರೆಯಲಿಲ್ಲ. ಇವತ್ತು ಛಾವಣಿಗೆ ಹೋದೆ.

ನನ್ನ ಜಾಗದಲ್ಲಿದ್ದ ದಡ್ಡ ಬಿಟ್ಟು ಹೋದ. ಮೇಸ್ತ್ರಿಗೆ ಬೇರೆ ಜನ ಸಿಗಲಿಲ್ಲ. ಮಾವ ಹಲಗೆಯ ಮೇಲೆ ಇಳಿಯುವುದು, ನಾನು ಮೇಲೆ ಹಗ್ಗ ಹಿಡಿಯುವುದು ಎಂದಾಯಿತು. ಹಗ್ಗ ಹಿಡಿಯುವುದು ಹಗ್ಗದ ಮೇಲೆ ಇರುವುದಲ್ಲ, ಆದರೂ ಬಕೆಟ್‌ಗಿಂತ ಮೇಲು. ಮಾವ ಬೆಲ್ಟು ಬಿಗಿಯುವಾಗ ಒಂದೇ ಮಾತು ಹೇಳಿದ. ಸರಿಯಾಗಿ ನೋಡಿಕೋ, ಸೋಮವಾರದಿಂದ ನೋಡೋಣ ಎಂದ. ಸೋಮವಾರದಿಂದ ಎಂದರೆ ನನಗೆ ಹಗ್ಗ ಕೊಡುತ್ತಾನೆ ಎಂದೇ ಅರ್ಥ. ಬೇರೆ ಏನು ಅರ್ಥ ಇರಲು ಸಾಧ್ಯ?

ಕೆಲಸ ಬಲ್ಲವನು, ಒಪ್ಪಿಕೊಳ್ಳಬೇಕು. ಮೇಲಿನಿಂದ ನೋಡಿದರೆ ಮಾವನ ಕೈ ಗೋಡೆಯನ್ನು ಸವರಿದ ಹಾಗೆ ಹೋಗುತ್ತದೆ. ಒಂದು ಹನಿ ಚೆಲ್ಲುವುದಿಲ್ಲ.

ಮಾರ್ಚ್ ೨೩, ಶನಿವಾರ

ಕೈ ಇನ್ನೂ ಉರಿಯುತ್ತಿದೆ. ಅಕ್ಷರ ಸೊಟ್ಟಗಾದರೆ ಆಗಲಿ.

ಊಟದ ಹೊತ್ತಿಗೆ ಮುಂಚೆ ಮಾವ ಬಿಡು ಅಂದ. ಒಂದು ಮೊಳ ಬಿಟ್ಟೆ. ಆಮೇಲೆ ಸದ್ದಿಲ್ಲ. ಬಗ್ಗಿ ನೋಡಿದೆ. ಬ್ರಷ್ ಕೈಯಲ್ಲಿತ್ತು, ಆದರೆ ಗೋಡೆಯ ಮೇಲಿರಲಿಲ್ಲ, ಗಾಳಿಯಲ್ಲಿತ್ತು. ಮಾವ ಎಂದು ಕೂಗಿದೆ. ಬ್ರಷ್ ಬಿತ್ತು. ತಲೆ ಎದೆಯ ಮೇಲೆ ಬಿತ್ತು.

ಒಬ್ಬನೇ ಎಳೆದು ಮೇಲೆ ತರಲು ಆಗುವುದಿಲ್ಲ. ಬಿಡಬೇಕು, ನೆಲ ಮುಟ್ಟುವವರೆಗೂ ಬಿಡುತ್ತಲೇ ಇರಬೇಕು. ಬೇಗ ಬಿಟ್ಟರೆ ಗೋಡೆಗೆ ಬಡಿಯುತ್ತಾನೆ, ನಿಧಾನ ಮಾಡಿದರೆ ಏನಾಗುತ್ತದೋ ಗೊತ್ತಿಲ್ಲ. ಕೂಗಿದರೆ ಕೆಳಗೆ ಕೇಳಿಸಲಿಲ್ಲ. ಹಗ್ಗ ಅಂಗೈ ಸುಡುತ್ತಿತ್ತು. ನನಗೆ ತಲೆ ಸುತ್ತಿದ ದಿನ ಇವನೂ ಹೀಗೇ ನನ್ನನ್ನು ನೆಲಕ್ಕೆ ಇಳಿಸಿದ್ದಾನೆ ಎಂದು ಆಗ ತಲೆಗೆ ಬಂತು. ಬಂದ ತಕ್ಷಣ ಸಿಟ್ಟು ಇನ್ನೂ ಹೆಚ್ಚಾಯಿತು.

ಮೆಟ್ಟಿಲು ಇಳಿದು ಓಡಿಬರುವಷ್ಟರಲ್ಲಿ ಬಕೆಟ್ ಅಕ್ಕ ಮಾವನ ತಲೆ ತೊಡೆಯ ಮೇಲೆ ಇಟ್ಟುಕೊಂಡು, ಎಚ್ಚರವಾದವನಿಗೆ ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸುತ್ತಿದ್ದಳು. ಮೇಸ್ತ್ರಿ ಛತ್ರಿ ಹಿಡಿದಿದ್ದ. ಬಿಸಿಲು, ಮೇಸ್ತ್ರಿ, ಬಿಸಿಲು ಹೆಚ್ಚಾಯಿತು ಎಂದ ಮಾವ. ಹೌದು ಹೌದು, ನೆರಳಲ್ಲಿ ಮಲಗಿ ಎಂದ ಮೇಸ್ತ್ರಿ. ಬಿಸಿಲಂತೆ. ಆ ಗೋಡೆಗೆ ಮಧ್ಯಾಹ್ನ ಕಳೆಯುವವರೆಗೆ ಬಿಸಿಲೇ ಬೀಳುವುದಿಲ್ಲ. ಅವನ ಬಾಯಿ ಮೂಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಎಲ್ಲರೂ ಹೋದ ಮೇಲೆ ಕೇಳಿದೆ. ಬೆಳಿಗ್ಗೆ ಏನು ತಿಂದಿದ್ದೆ?

"ಟೀ."

ಎಷ್ಟು ದಿನದಿಂದ ಹೀಗೆ ಎಂದೆ.

"ನೀನು ಹುಟ್ಟೋಕೆ ಮುಂಚೆಯಿಂದ," ಎಂದು ಕಣ್ಣು ಮುಚ್ಚಿಕೊಂಡ.

ಮನೆಯಲ್ಲಿ ಹೇಳಬೇಡ ಎಂದೂ ಹೇಳಿದ. ಹೇಳಿದೆ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಪಾಳಿಗೆ ಹೋದಳು.

ಮಾರ್ಚ್ ೨೭, ಬುಧವಾರ

ಮಾವ ಮನೆಯಲ್ಲಿ ಮಲಗಿದ್ದಾನೆ. ನಾನು ಮತ್ತೆ ಬಕೆಟ್‌ಗೆ.

ಇವತ್ತು ಕೆಳಗೆ ಬಾಗಿಲಲ್ಲಿ ಕೂರುವ ಸೆಕ್ಯೂರಿಟಿಯವನ ಜೊತೆ ಜಗಳ ಮಾಡಿದೆ. ಮೇಲಿನ ಮಹಡಿಯಲ್ಲಿ, ಛಾವಣಿಯ ಮೆಟ್ಟಿಲ ಪಕ್ಕದಲ್ಲೇ ಒಂದು ಟಾಯ್ಲೆಟ್ ಇದೆ. ಯಾವಾಗಲೂ ಬೀಗ. ಕೀಲಿ ಇವನ ಸೊಂಟದಲ್ಲಿ. ಕೊಡು ಎಂದೆ. ಕೆಲಸದವರಿಗಿಲ್ಲ ಎಂದ. ಯಾರಿಗೆ ಇದೆ ಎಂದೆ. ಯಾರಿಗೂ ಇಲ್ಲ, ಅದಕ್ಕೇ ಬೀಗ ಎಂದ. ಬೇಕಾದರೆ ಮೇಸ್ತ್ರಿಯನ್ನು ಕೇಳು ಎಂದ. ಕೇಳಿದೆ. ಮೇಸ್ತ್ರಿ ನೋಡೋಣ ಎಂದ. ಇವರ ನೋಡೋಣ ಎಂದರೆ ನನ್ನ ಮದುವೆಯ ಹೊತ್ತಿಗೆ.

ಊಟದ ಹೊತ್ತಿಗೆ ಡಬ್ಬಿ ಹಿಡಿದು ಹೋಗಿ ಅವನ ಕುರ್ಚಿಯ ಎದುರೇ, ಹೊಳೆಯುವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಊಟ ಮಾಡಿದೆ. ಕಾಳು, ಅನ್ನ, ಎಲೆಕೋಸು, ಒಂದು ಬಾಳೆಹಣ್ಣು. ಬಾಟಲಿ ನೀರು ಪೂರ್ತಿ ಕುಡಿದೆ, ಅವನ ಕಣ್ಣೆದುರಿಗೇ. ಆಮೇಲೆ ಬಾಗಿಲಲ್ಲಿದ್ದ ಹೂಕುಂಡಗಳನ್ನು ಒಂದೊಂದಾಗಿ ನೋಡುತ್ತಾ, ಇದರಲ್ಲಿ ಯಾವುದಕ್ಕೆ ನೀರು ಕಡಿಮೆಯಾಗಿದೆ ಎಂದು ಕೇಳಿದೆ.

ಅವನು ಹೂಕುಂಡ ನೋಡಿದ, ನನ್ನ ಖಾಲಿ ಬಾಟಲಿ ನೋಡಿದ. ಆಮೇಲೆ ಕೀಲಿ ಬಿಚ್ಚಿದ. "ಮಧ್ಯಾಹ್ನ ಒಂದು ಸಲ. ಕ್ಲೀನಾಗಿ ಇಡ್ಬೇಕು. ನಾನೂ ಬೆಳಿಗ್ಗೆಯಿಂದ ಹಿಡ್ಕೊಂಡೇ ಇರ್ತೀನಪ್ಪ, ಈ ಕುರ್ಚಿ ಬಿಟ್ಟು ಏಳೋ ಹಾಗಿಲ್ಲ," ಎಂದ.

ಇದು ಗೊತ್ತಿದ್ದರೆ ಅವನಿಗೆ ಅರ್ಧ ಬಾಳೆಹಣ್ಣು ಕೊಡುತ್ತಿದ್ದೆ. ಅಲ್ಲ, ಕೊಡುತ್ತಿರಲಿಲ್ಲ. ಹಸಿವಾಗಿತ್ತು.

ಏಪ್ರಿಲ್ ೧, ಸೋಮವಾರ

ಮಾವ ಇವತ್ತು ಕೆಲಸಕ್ಕೆ ಬಂದ. ಕೆಳಗೇ ಕುಳಿತಿದ್ದ. ಕೀಲಿಯ ವಿಷಯ ಹೇಳಿದೆ. ಇನ್ನು ನೀನು ತಿಂದು, ನೀರು ಕುಡಿದು ಬರಬಹುದು ಎಂದೆ. ಅವನು ಸುತ್ತ ನೋಡಿ, ಮೆಲ್ಲಗೆ ಮಾತಾಡು ಎಂದ.

ಮೇಲೆ ಇಳಿಬಿದ್ದ ಹಗ್ಗದಲ್ಲಿ ಖಾಲಿ ಹಲಗೆ ತೂಗುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕುಳಿತೆವು. ನನ್ನ ಡಬ್ಬಿಯನ್ನು ಅವನ ಕಡೆ ತಳ್ಳಿದೆ. ಒಂದು ತುತ್ತು ತೆಗೆದುಕೊಂಡ. ಮೇಸ್ತ್ರಿ ಬರುವುದು ಕಂಡು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಕಳ್ಳತನ ಮಾಡಿದವನ ಹಾಗೆ. ಅನ್ನ ತಿಂದದ್ದಕ್ಕೆ.

ಏಪ್ರಿಲ್ ೩, ಬುಧವಾರ

ಸೈಟಿನ ಗೇಟಿನ ಪಕ್ಕ ಗೋಡೆಗೆ ಒರಗಿ ಬರೆಯುತ್ತಿದ್ದೇನೆ. ಇನ್ನೂ ಯಾರೂ ಬಂದಿಲ್ಲ.

ಬೆಳಿಗ್ಗೆ ಅಮ್ಮ ಪಾಳಿಯಿಂದ ಬಂದವಳು ಮಲಗದೆ, ಮೂವರಿಗೂ ತಟ್ಟೆ ಹಾಕಿದಳು. ಅನ್ನ, ಬೇಳೆ, ಸೊಪ್ಪು, ಮೊಸರು. ಮೂವರೂ ಒಟ್ಟಿಗೆ ಕುಳಿತದ್ದು ಯಾವ ಕಾಲದಲ್ಲೋ. ಮಾವ ತಟ್ಟೆ ಮುಟ್ಟದೆ ಟೀ ಲೋಟ ಎತ್ತಿಕೊಂಡು ಶುರುಮಾಡಿದ. ಮೇಸ್ತ್ರಿಯ ಹತ್ತಿರ ಮಾತಾಡಿದ್ದಾನಂತೆ. ಇವತ್ತಿನಿಂದ ಒಂದು ಗೋಡೆ ನಾನು, ಒಂದು ಗೋಡೆ ಅವನು. ಅವನ ಹಗ್ಗ ನಾನು ಹಿಡಿಯಬೇಕು, ನನ್ನದು ಅವನು. ಒಂದು ತಿಂಗಳಿನಿಂದ ಯಾವ ಮಾತು ಕೇಳಬೇಕೆಂದು ಕಾದಿದ್ದೆನೋ ಅದೇ ಮಾತು. ಎದೆ ಒಮ್ಮೆ ಹಾರಿತು, ಸುಳ್ಳು ಯಾಕೆ ಬರೆಯಲಿ.

ಆಮೇಲೆ ಬಾಲ ಬಂತು. "ಆದ್ರೆ ಈ ಊಟ, ಕೀಲಿ, ಹಸಿವು ಅಂತ ಸೈಟಲ್ಲಿ ಎಲ್ಲೂ ಬಾಯಿ ಬಿಡ್ಬೇಡ ಅಳಿಯ. ನಾನು ಹಸಿದು ಬಿದ್ದೆ ಅಂತ ಗೊತ್ತಾದ್ರೆ, ಇವನ ಕೈಲಿ ಇನ್ನು ಆಗಲ್ಲ ಅಂತ ಕಳಿಸಿಬಿಡ್ತಾನೆ. ಬಿಸಿಲು ಅಂದಿದೀನಿ, ಬಿಸಿಲೇ ಇರ್ಲಿ."

ಸರಿ, ಬಾಯಿ ಬಿಡುವುದಿಲ್ಲ, ಮೊದಲು ನೀನು ತಿನ್ನು ಎಂದೆ.

ಹಗ್ಗಕ್ಕೆ ಹೋಗುವ ದಿನ ತಿನ್ನುವುದಿಲ್ಲ, ನಿನಗೆ ಗೊತ್ತಲ್ಲ ಎಂದ.

ಇಷ್ಟು ದಿನ ಹಿಡಿದಿಟ್ಟುಕೊಂಡದ್ದನ್ನು ಆಗ ಕೇಳಿಬಿಟ್ಟೆ. ಅವತ್ತು ಮೇಸ್ತ್ರಿ ಎಲ್ಲರೆದುರು ಆ ಮಾತು ಆಡಿದಾಗ ಯಾಕೆ ಸುಮ್ಮನಿದ್ದೆ ಎಂದೆ. ಲೋಟ ಕೆಳಗಿಟ್ಟ. ಅಮ್ಮನ ಮುಖ ನೋಡಿದ.

"ಏನಂತ ಹೇಳ್ಲಿ? ಇವನು ಉಪವಾಸ ಬಂದಿದ್ದ, ಹಾಗೆ ಬಾ ಅಂತ ಹೇಳಿಕೊಟ್ಟವನು ನಾನೇ ಅಂತ ಹೇಳ್ಲಾ? ಹೇಳಿದ್ರೆ ಇಬ್ರೂ ಕೆಳಗೆ ಇರ್ತಿದ್ವಿ. ಒಬ್ನಾದ್ರೂ ಮೇಲಿರ್ಲಿ ಅಂತ ಸುಮ್ನಾದೆ."

ಅಮ್ಮ ಬಾಯಿಗೆ ಹೋಗುತ್ತಿದ್ದ ಕೈಯನ್ನು ಹಾಗೇ ಇಳಿಸಿದಳು. ಮೇಲಿದ್ದವನೂ ಬಿದ್ದನಲ್ಲ ಎಂದಳು, ಅಷ್ಟೇ. ಮಾವನ ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿದಳು. ಅವನು ಅದನ್ನು ನನ್ನ ಕಡೆ ನೂಕಿ, ಗಾಳಿಪಟ ಈಗ ಗೂಳಿ ಆಗುತ್ತಿದೆ, ಇದಕ್ಕೇ ಹಾಕು ಎಂದು ನಗಲು ನೋಡಿದ. ನಗು ಬರಲಿಲ್ಲ. ಟೀ ಲೋಟವನ್ನೇ ಮತ್ತೆ ಎತ್ತಿಕೊಂಡ. ಅವತ್ತು ಛಾವಣಿಯಿಂದ ನೋಡಿದಾಗ ಅವನ ತಲೆ ಎದೆಯ ಮೇಲೆ ಬಿದ್ದದ್ದು ಕಣ್ಣಿಗೆ ಕಟ್ಟಿತು.

"ಹೊಟ್ಟೆಗಿಲ್ಲದವನ ಹಗ್ಗ ನಾನು ಹಿಡಿಯಲ್ಲ ಮಾವ. ಬೇರೆಯವರನ್ನ ನೋಡ್ಕೊ."

"ನಾನು ನಿನ್ನ ಹಗ್ಗ ಹಿಡೀಲಿಲ್ಲ ಅಂದ್ರೆ ನೀನೂ ಮೇಲೆ ಹೋಗಲ್ಲ. ಗೊತ್ತಿದೆ ತಾನೆ? ಬಕೆಟ್ ತೊಳೀತಾ ಇರ್ತೀಯ, ಗಡ್ಡ ಬೆಳ್ಳಗಾಗೋವರೆಗೆ."

"ತೊಳೀತೀನಿ."

"ಮೇಸ್ತ್ರಿ ಯಾಕೆ ಅಂತ ಕೇಳ್ತಾನೆ."

ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಎಂದೆ. ಆಗ ಮಾವ ಎದ್ದು ನಿಂತ. ನನ್ನ ಅನ್ನಕ್ಕೆ ಮಣ್ಣು ಹಾಕುತ್ತೀಯ, ನಿನ್ನನ್ನು ಎತ್ತಿ ಆಡಿಸಿದ ಕೈ ಇದು ಎಂದ. ಯಾವ ಅನ್ನ ಎಂದು ಕೇಳಿದೆ, ತಟ್ಟೆ ತೋರಿಸಿ. ಇದನ್ನಾ? ಇದನ್ನು ಮುಟ್ಟಿಯೇ ಇಲ್ಲವಲ್ಲ ನೀನು.

ಅವನು ಕೈ ಎತ್ತಿದ. ಹೊಡೆಯಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡ, ಎದ್ದದ್ದಕ್ಕೇ ಕಣ್ಣು ಕತ್ತಲೆ ಬಂದಿತ್ತೋ ಏನೋ.

ಅಮ್ಮ ನನ್ನ ಕಡೆ ತಿರುಗಿ, ಜಗಳ ಆಮೇಲೆ, ಮೊದಲು ಕೂತು ತಿಂದು ಹೋಗೋ ಎಂದಳು. ನೋಡಿದರೆ ನನ್ನ ತಟ್ಟೆ ಖಾಲಿ. ಅಷ್ಟು ಬೈದಾಡುವ ನಡುವೆ ಯಾವಾಗ ತಿಂದೆನೋ ಗೊತ್ತಿಲ್ಲ. ತಟ್ಟೆ ತೊಳೆದಿಟ್ಟೆ. ಡಬ್ಬಿ ತೆಗೆದುಕೊಂಡೆ, ನೀರಿನ ಬಾಟಲಿ ತುಂಬಿಕೊಂಡೆ. ಮಾವ ಇನ್ನೂ ಕುರ್ಚಿ ಹಿಡಿದೇ ನಿಂತಿದ್ದ, ಎದುರಿನ ತಟ್ಟೆಯಲ್ಲಿ ಬೇಳೆ ಆರಿ ಕೆನೆ ಕಟ್ಟುತ್ತಿತ್ತು. ತಿನ್ನುತ್ತಾನೋ ಎಂದು ಬಾಗಿಲ ಹತ್ತಿರ ಒಂದು ಕ್ಷಣ ನಿಂತೆ.

"ಹೋಗು," ಎಂದ. "ನನಗೆ ಊಟ ಮಾಡಿಸೋಕೆ ನೀನ್ಯಾರು?"

ಬಾಗಿಲನ್ನು ಎಷ್ಟು ಜೋರಾಗಿ ಎಳೆದು ಹಾಕಿದೆನೆಂದರೆ ಹಿಡಿಕೆ ಕಿತ್ತು ನನ್ನ ಕೈಯಲ್ಲೇ ಉಳಿಯಿತು.